ಒಳಗೆ ಬೆಳೆದ ಆಮೆ

"ಎರಡನ್ನೂ ಪಕ್ಕಪಕ್ಕ ಇಡ್ತೀನಿ, ಕಣ್ಣಾರೆ ನೋಡು ಅಕ್ಕ. ಆಮೇಲೆ ಈ ಸನಾನ್ ಬಾಯಿಗೆ ಬಂದಂಗೆ ಹೇಳ್ದ ಅನ್ನಬೇಡ," ಎಂದು ಪಕ್ಕದ ಮನೆಯ ಸನಾನ್ ತಾನು ತಂದಿದ್ದ ಆಮೆಯ ಹೊಟ್ಟೆಗೆ ಮೆತ್ತಿದ್ದ ಮಣ್ಣನ್ನು ಅಂಗಿಯ ತುದಿಯಿಂದ ಒರೆಸಿ, ಸಂಗ್ವಾನಳ ಆಮೆಯ ಪಕ್ಕದಲ್ಲೇ ನೆಲಕ್ಕಿಟ್ಟ.

ಸಂಗ್ವಾನ್ ನೋಡಿದಳು. ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ಎರಡೂ ಒಂದೇ ತಾಯಿಯ ಮೊಟ್ಟೆಗಳು, ಒಂದೇ ವಾರದಲ್ಲಿ ಒಡೆದು ಬಂದವು, ಹದಿನಾರು ತಿಂಗಳ ಹಿಂದೆ. ಸನಾನನದು ಊಟದ ತಟ್ಟೆಯಷ್ಟು ಅಗಲವಾಗಿ, ಚಿಪ್ಪು ನುಣ್ಣಗೆ, ಕವುಚಿಟ್ಟ ಬಟ್ಟಲಿನಂತೆ ದುಂಡಗಿತ್ತು. ಇಟ್ಟ ಕೂಡಲೇ ಬಾಗಿಲ ಕಡೆಗೆ ಹೊರಟೂ ಬಿಟ್ಟಿತು. ಅವಳದು ಇನ್ನೂ ಮುಷ್ಟಿಗಿಂತ ಚೂರು ದೊಡ್ಡದು, ಅಷ್ಟೆ. ಬೆನ್ನಿನ ಒಂದೊಂದು ಬಿಲ್ಲೆಯೂ ಗುಡ್ಡೆಗಟ್ಟಿ ಮೇಲೆದ್ದು, ಅವಳು ದಿನಾ ಬೆಳಿಗ್ಗೆ ಮಾರುಕಟ್ಟೆಯಲ್ಲಿ ತೆಂಗಿನ ಹಾಲು ಹುಯ್ದು ಖನೊಮ್ ಕ್ರೊಕ್ ಎಂಬ ಸಿಹಿ ಪಡ್ಡು ಬೇಯಿಸುವ ಗುಳಿಕಾವಲಿಯನ್ನು ಬೋರಲು ಹಾಕಿದ ಹಾಗೆ ಕಾಣುತ್ತಿತ್ತು. ಹಿಂಗಾಲುಗಳು ಕೆಲಸ ಬಿಟ್ಟಿದ್ದವು. ಮುಂಗಾಲಿನಿಂದ ಎಳೆದುಕೊಂಡು ಎರಡು ಹೆಜ್ಜೆ ಬಂದು, ಸುಸ್ತಾಗಿ ಗಲ್ಲವನ್ನು ನೆಲಕ್ಕೆ ಊರಿತು.

"ಬೆನ್ನು ಒತ್ತಿ ನೋಡು."

ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಗಟ್ಟಿಯಿರಬೇಕಾದ ಚಿಪ್ಪು ಬೆರಳಿಗೆ ಜಗ್ಗಿತು. ಚಟ್ಟನೆ ಕೈ ಹಿಂದೆಗೆದುಕೊಂಡಳು.

"ನಾನು ಮೊದಲ್ನೇ ತಿಂಗಳಿಂದ ಬಡ್ಕೊಂಡೆ," ಎಂದ ಸನಾನ್. "ಹೊರಗೆ ಬಿಡು, ಬೆಳಗಿನ ಬಿಸ್ಲು ಬೀಳ್ಲಿ, ನೆಲಕ್ಕೆ ನೀರು ಚಿಮುಕ್ಸು, ದಾಸವಾಳದ ಸೊಪ್ಪು ಹಾಕು. ಇನ್ನೇನೂ ಬೇಡ ಇದಕ್ಕೆ. ನೀನು ಮಾಡಿದ್ದೇನು? ತಲೆ ಮೇಲೆ ಬಲ್ಬು, ಪಕ್ಕದಲ್ಲಿ ಇಪ್ಪತ್ನಾಲ್ಕು ಗಂಟೆ ಫ್ಯಾನು. ಒಣಗಿಸಿದೀಯಲ್ಲ, ಮೀನು ಒಣಗಿಸಿದಂಗೆ!"

"ಕಿಟಕೀಲಿ ಬಿಸ್ಲು ಬರುತ್ತಲ್ಲಪ್ಪ."

"ಗಾಜಿನೊಳಗಿಂದ ಬರೋ ಬಿಸ್ಲು ಸೆಕೆಗೆ ಸರಿ, ಚಿಪ್ಪು ಗಟ್ಟಿ ಮಾಡಲ್ಲ ಅಕ್ಕ."

"ಈಗ ಹೊರಗೆ ಬಿಟ್ರೆ ಸರಿಹೋಗುತ್ತಾ?"

ಸನಾನ್ ಒರಟು ಮನುಷ್ಯ, ಆದರೆ ಕೆಟ್ಟವನಲ್ಲ. ಕುಕ್ಕರಗಾಲಲ್ಲಿ ಕೂತು ಹೇಳಿದ: "ಗುಡ್ಡೆ ಎದ್ದಿದ್ದು ಎದ್ದಂಗೇ. ಅದು ಸಾಯೋವರೆಗೂ ಹೋಗಲ್ಲ. ಕಾಲು ಬರಬಹುದು, ಬರದೇನೂ ಇರಬಹುದು. ಇನ್ನೂ ಒಳಗೇ ಇಟ್ರೆ ಮಾತ್ರ ಈ ಬೇಸಿಗೆ ದಾಟಲ್ಲ. ಜೈಲಲ್ಲಿಟ್ಟು ಸಾಕಿದೀರ ಕಣಕ್ಕ ಗಂಡ ಹೆಂಡ್ತಿ ಸೇರ್ಕೊಂಡು."

ಅವನ ಗಂಟಲು ದೊಡ್ಡದು. ಪರದೆಯ ಆಚೆ ಮಂಚದ ಮೇಲೆ ಮಲಗಿದ್ದ ಸಂಗ್ವಾನಳ ಗಂಡ ಪ್ರಯೂರನಿಗೆ ಒಂದಕ್ಷರ ಬಿಡದೆ ಕೇಳಿಸಿರಬೇಕು.

ಪ್ರಯೂರ್ ಒಂದು ಕಾಲದಲ್ಲಿ ಚಕೋತ ಹಣ್ಣಿನ ಲಾರಿ ಓಡಿಸುತ್ತಿದ್ದವನು. ನಖೋನ್ ಪಥೊಮ್‌ನಿಂದ ದಕ್ಷಿಣದ ಗಡಿಯವರೆಗೂ ಹೋಗಿ, ಮೂರನೆಯ ದಿನ ಓಣಿಯ ತುದಿಯಲ್ಲೇ ಹಾರನ್ ಬಾರಿಸುತ್ತ ಬರುವ ಗಂಡಸು. ಲಕ್ವ ಹೊಡೆದು ಎಡಗೈ ಬಿದ್ದು, ಸೊಂಟದ ಕೆಳಗೆ ಸತ್ತಂತಾದ ಮೇಲೆ ಹೊಸ್ತಿಲು ದಾಟಿರಲಿಲ್ಲ. ಸಂಗ್ವಾನ್ ಗಾಲಿಕುರ್ಚಿ ತಂದಳು. "ಓಣಿಯೋರೆಲ್ಲ ಬಂದು ಅಯ್ಯೋ ಪಾಪ ಅನ್ಲಿ ಅಂತಾನಾ?" ಎಂದು ತೊದಲುತ್ತ ಮುಖ ಗೋಡೆಯ ಕಡೆಗೆ ತಿರುಗಿಸಿದ. ಆಗಲೇ ಸನಾನ್, ಹೊತ್ತು ಹೋಗಲಿ ಅಂತ, ಮೊಟ್ಟೆಯೊಡೆದು ಬಂದು ವಾರವಾಗಿದ್ದ ಮರಿಯೊಂದನ್ನು ತಂದು ಅವನ ಎದೆಯ ಮೇಲಿಟ್ಟಿದ್ದು. ಅದು ಅಂಗಿಯ ಗುಂಡಿಯನ್ನು ತಿನ್ನಲು ಹೋಯಿತು. ಪ್ರಯೂರ್ ನಕ್ಕ. ಎಷ್ಟೋ ವಾರಗಳ ನಂತರ ನಕ್ಕ. ಬಣ್ಣ ನೋಡಿ ಫಕ್‌ಥೊಂಗ್ ಎಂದು ಹೆಸರಿಟ್ಟ, ಸಿಹಿಗುಂಬಳ ಅಂತ.

ಅಲ್ಲಿಂದ ಮುಂದೆ ಅದು ಮಂಚದ ಪಕ್ಕದ ಪೆಟ್ಟಿಗೆಯಲ್ಲೇ ಬೆಳೆಯಿತು. ಅವನು ನೆಟ್ಟಗಿದ್ದ ಬಲಗೈಯಿಂದ ಬಾಳೆಹಣ್ಣಿನ ಚೂರು ಹಿಡಿದರೆ ಕತ್ತು ಚಾಚುತ್ತಿತ್ತು. ಮಾರುಕಟ್ಟೆಯಿಂದ ಬಂದ ಮೇಲೆ ಸಂಗ್ವಾನ್ ಬೋಗುಣಿಯಲ್ಲಿ ಎರಡು ಬೆರಳಷ್ಟು ಉಗುರುಬೆಚ್ಚನೆಯ ನೀರು ಹಾಕಿ ಅದನ್ನು ಕೂರಿಸುತ್ತಿದ್ದಳು. ಅದು ಕಣ್ಣು ಮುಚ್ಚಿ, ಕಾಲು ಚೆಲ್ಲಿ, ನೀರು ಕುಡಿಯುವುದನ್ನು ನೋಡುವುದೇ ಪ್ರಯೂರನಿಗೆ ದಿನದ ದೊಡ್ಡ ಸಂಭ್ರಮ. "ನೀರು ಅಂದ್ರೆ ಪ್ರಾಣ ಕಣೆ ಇದಕ್ಕೆ. ಮುಖ ನೋಡು, ರಾಜನ ಮುಖ!" ಎನ್ನುತ್ತಿದ್ದ.

ಸನಾನನ ಮಾತು ಕೇಳಿ ಅವಳು ಹೊರಗೆ ಬಿಡಲು ನೋಡದೆ ಇರಲಿಲ್ಲ. ಎರಡು ಸಲ ಬಿಟ್ಟಿದ್ದಳು, ಗೋಡೆಯಾಚೆ ಸನಾನನ ಮಣ್ಣಂಗಳದಲ್ಲಿ. ಎರಡೂ ಸಲ ಪ್ರಯೂರ್ ಖಾಲಿ ಪೆಟ್ಟಿಗೆ ನೋಡಿಕೊಂಡು ಊಟ ಬಿಟ್ಟ. "ಅದೂ ಹೋಯ್ತಾ," ಎಂದನೇ ಹೊರತು ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳು. ಮೂರನೆಯ ದಿನ ಮರಿಯನ್ನು ತಂದು ಬಲ್ಬಿನ ಕೆಳಗೆ ಬಿಟ್ಟಳು. ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗಂಡ ಇವತ್ತು ಎರಡು ತುತ್ತು ಹೆಚ್ಚು ತಿನ್ನಲಿ ಅಂತ ಆ ಮೂಕಪ್ರಾಣಿಯ ನಾಳೆಯನ್ನು ತೆಗೆದು ಬಡಿಸುತ್ತಿದ್ದಳು. ಹಾಗಂತ ಯಾರ ಹತ್ತಿರ ಹೇಳಿಕೊಳ್ಳುವುದು?

ಸನಾನ್ ತನ್ನ ಆಮೆಯನ್ನೆತ್ತಿಕೊಂಡು ಹೋದ ಮೇಲೆ ಅವಳು ಪರದೆ ಸರಿಸಿದಳು. ಪ್ರಯೂರ್ ಛಾವಣಿ ನೋಡುತ್ತಿದ್ದ.

"ಕೊಡು ಇಲ್ಲಿ," ಎಂದ. ಎದೆಯ ಮೇಲಿಟ್ಟಾಗ ಅದರ ಬಿದ್ದುಹೋದ ಹಿಂಗಾಲನ್ನು ಒಂದು ಬೆರಳಿನಿಂದ ಎತ್ತಿ ಬಿಟ್ಟ. ಅದು ಹಾಗೇ ಜೋತುಬಿತ್ತು. ಇನ್ನೊಂದನ್ನೂ ಎತ್ತಿ ಬಿಟ್ಟ. "ನನ್ನಂಗೇ ಮಾಡಿಬಿಟ್ನಲ್ಲೇ ಇದನ್ನೂ."

"ಸುಮ್ನಿರಿ. ನಾಳೆಯಿಂದ ಹೊರಗೆ ಬಿಡೋಣ. ದಿನಾ ಸಂಜೆ ತಂದು ತೋರಿಸ್ತೀನಿ."

ಅವನು ಆಮೆಯನ್ನು ಅವಳ ಕೈಗೆ ಮರಳಿಸಿದ. ಆ ದಿನ ಫಕ್‌ಥೊಂಗನಿಗೆ ಬಾಳೆಹಣ್ಣೂ ಕೊಡಲಿಲ್ಲ.

ಮರುದಿನ ಬುಧವಾರ, ಪ್ರಯೂರನಿಗೆ ಅರವತ್ತೆರಡು ತುಂಬುವ ದಿನ. ಸಂಗ್ವಾನ್ ನಸುಕಿನಲ್ಲೇ ಬಾಗಿಲಿಗೆ ಬಂದ ಭಿಕ್ಷುಗಳಿಗೆ ಗಂಡನ ಹೆಸರಿನಲ್ಲಿ ಅನ್ನ, ಹುರಿದ ಮೊಟ್ಟೆ ಬಡಿಸಿ, ಹಿಟ್ಟಿನ ಬಕೆಟ್ಟುಗಳನ್ನು ಗಾಡಿಗೇರಿಸಿ ಮಾರುಕಟ್ಟೆಗೆ ಹೊರಟಳು. ಬಂದ ಕೂಡಲೇ ಆಮೆಯನ್ನು ಸನಾನನಿಗೆ ಒಪ್ಪಿಸುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು. ಗಂಡ ಉಪವಾಸ ಬಿದ್ದರೂ ಸರಿ. ರಾಚಬುರಿಯಿಂದ ನಾದಿನಿ ಲಮೂನ್ ಬರುವವಳಿದ್ದಳು, ಅವಳಾದರೂ ಅಣ್ಣನಿಗೆ ಎರಡು ಮಾತು ಹೇಳಿಯಾಳು.

ಒಂಬತ್ತೂವರೆಗೆ ವಾಪಸಾದಾಗ ಲಮೂನ್ ಮಂಚದ ಪಕ್ಕ ಕೂತು ಅಣ್ಣನಿಗೆ ಚಕೋತ ಬಿಡಿಸಿ ಕೊಡುತ್ತಿದ್ದಳು. ಪ್ರಯೂರ್ ತಲೆ ಬಾಚಿಕೊಂಡಿದ್ದ. ಬಿಳಿ ಅಂಗಿ ಹಾಕಿಕೊಂಡಿದ್ದ. ಪೆಟ್ಟಿಗೆ ಖಾಲಿಯಾಗಿತ್ತು.

"ಬಾ ಅತ್ತಿಗೆ, ಬಾ," ಎಂದಳು ಲಮೂನ್, ಮುಖ ಅರಳಿಸಿ. "ಎಂಥ ಪುಣ್ಯದ ಕೆಲಸ ಆಯ್ತು ಗೊತ್ತಾ? ಅಣ್ಣನೇ ಬಾಯಿಬಿಟ್ಟು ಹೇಳ್ದ, ಫಕ್‌ಥೊಂಗನ್ನ ದೇವಸ್ಥಾನದ ಕೊಳಕ್ಕೆ ಬಿಟ್ಟು ಬಾ ಅಂತ. ಹುಟ್ಟಿದ ದಿನ, ಬುಧವಾರ ಬೇರೆ. ಆಮೆ ಬಿಟ್ರೆ ಆಯಸ್ಸು ಬೆಳೆಯುತ್ತಲ್ಲ! ಅಣ್ಣ ಅದನ್ನ ಹಣೆಗೆ ಮುಟ್ಟಿಸ್ಕೊಂಡ. ನಾನು ಬೆನ್ನಿಗೆ ಚಿನ್ನದ ರೇಕು ಅಂಟಿಸಿ, ಬಾಡಿಗೆ ಮೋಟಾರ್ ಬೈಕಲ್ಲಿ ಹೋಗಿ, ಮಂತ್ರ ಹೇಳಿ ಬಿಟ್ಟು ಬಂದೆ."

"ನೀರಿಗಾ?" ಎಂದಳು ಸಂಗ್ವಾನ್.

"ಮತ್ತೆ? ಆಮೇನ ರಸ್ತೆಗೆ ಬಿಡ್ತಾರಾ? ಮೆಟ್ಟಿಲ ಮೇಲಿಂದ ಹಂಗೇ ಜಾರಿಸ್ದೆ. ಗುಳುಂ ಅಂತ ಒಳಕ್ಕೆ ಹೋಯ್ತು. ಎಷ್ಟು ಆಸೆ ಇತ್ತೋ ಪಾಪ!"

ಪ್ರಯೂರ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ನಾನು ಚಿಕ್ಕೋನಿದ್ದಾಗ ಅಪ್ಪನ ಜತೆ ವರ್ಷಾ ವರ್ಷ ಬಿಡ್ತಿದ್ದೆ," ಎಂದ, ಒಂದೊಂದೇ ಮಾತನ್ನು ಕಷ್ಟಪಟ್ಟು ಕೂಡಿಸುತ್ತ. "ನೀರಲ್ಲಿ ಕಾಲಿಗೆ ಭಾರ ಇರಲ್ಲ ಕಣೆ. ನೆಲದ ಮೇಲೆ ಆಗದೇ ಇದ್ದದ್ದು ಅಲ್ಲಿ ಆಗುತ್ತೆ. ಜೈಲು ಸಾಕು ಅದಕ್ಕೆ."

ಸಂಗ್ವಾನ್ ಬಾಗಿಲ ಕಡೆಗೆ ತಿರುಗಿದಳು. ಇದು ನೆಲದ ಆಮೆ, ಮರುಭೂಮಿಯ ಕಡೆಯ ಜಾತಿ, ಗಲ್ಲಕ್ಕಿಂತ ಮೇಲೆ ನೀರು ಹಾಕಬೇಡ ಎಂದು ಸನಾನ್ ಮೊದಲ ದಿನವೇ ಅವಳಿಗೆ ಹೇಳಿದ್ದ. ಗಂಡನಿಗೆ ಅದನ್ನು ಹೇಳಬೇಕೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಮಂಚ ಬಿಟ್ಟು ಏಳದವನು ಅದನ್ನು ಯಾವ ನೀರಿಗೆ ಹಾಕಿಯಾನು? ಬೋಗುಣಿಯಲ್ಲಿ ಅದು ಸುಖವಾಗಿ ಕೂತದ್ದನ್ನು ಮಾತ್ರ ಅವನು ನೋಡಿದ್ದ.

"ಅಕ್ಕಿಹಿಟ್ಟು ತರೋದು ಮರ್ತೆ," ಎಂದವಳೇ ಚಪ್ಪಲಿ ಮೆಟ್ಟಿ ಓಡಿದಳು.

ದೇವಸ್ಥಾನದ ಕೊಳದ ಕಟ್ಟೆಯ ಮೇಲೆ ನೀರಾಮೆಗಳು ಒಂದರ ಮೇಲೊಂದು ಹತ್ತಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಸಂಗ್ವಾನ್ ಒಂದೊಂದರ ಬೆನ್ನನ್ನೂ ನೋಡಿದಳು. ಯಾವುದಕ್ಕೂ ಗುಡ್ಡೆಗಳಿರಲಿಲ್ಲ. ಕೊಳದ ಕಸ ತೆಗೆಯುವ ಮುದುಕನೊಬ್ಬ ಉದ್ದ ಹಿಡಿಯ ಬಲೆ ಹಿಡಿದು ನಿಂತಿದ್ದ.

"ತಾತ, ಬೆಳಿಗ್ಗೆ ಒಂದು ಪುಟ್ಟ ಆಮೆ ಬಿಟ್ಟಿದಾರೆ. ಬೆನ್ನಿಗೆ ಚಿನ್ನದ ರೇಕು..."

"ಮೆಟ್ಟಿಲ ಹತ್ರ ತಾನೆ?" ಎಂದ ಮುದುಕ, ಅವಳ ಮುಖ ನೋಡದೆ. "ಕಾಲು ನೋಡಿದ್ರೇ ಗೊತ್ತಾಗುತ್ತೆ ತಾಯಿ, ಆನೆ ಕಾಲಿನ ಥರ ಇದ್ರೆ ಈಜೋದಲ್ಲ. ಬೋರ್ಡು ಹಾಕಿದೀವಿ. ಯಾರು ಓದ್ತಾರೆ? ಪುಣ್ಯ ಕಟ್ಕೊಳ್ಳೋಕೆ ಬಂದೋರಿಗೆ ಅವಸರ." ಬಲೆಯನ್ನು ಇಳಿಬಿಟ್ಟು ತಳವನ್ನು ಕೆರೆಯತೊಡಗಿದ. ಎರಡು ಸಲ ಬರೀ ಕೆಸರು ಬಂತು. ಮೂರನೆಯ ಸಲ ಫಕ್‌ಥೊಂಗ್ ಬಂತು.

ಅವಳು ಅದನ್ನು ತಲೆಕೆಳಗೆ ಹಿಡಿದಳು. ಮೂಗಿನಿಂದ ನೀರಿಳಿಯಿತು. ಮುಂಗಾಲುಗಳನ್ನು ಹಿಡಿದು ಮುಂದಕ್ಕೆ, ಹಿಂದಕ್ಕೆ ಎಳೆದಳು. ಸೆರಗಿನಂತೆ ಹೊದ್ದಿದ್ದ ವಸ್ತ್ರದಿಂದ ತಿಕ್ಕಿದಳು. ಮತ್ತೆ ತಲೆಕೆಳಗೆ ಹಿಡಿದಳು. ಮುದುಕ ಸ್ವಲ್ಪ ಹೊತ್ತು ನಿಂತು ನೋಡಿದ. "ಬಿಟ್ಬಿಡು ತಾಯಿ," ಎಂದು ಹೇಳಿ ಕಟ್ಟೆಯ ಇನ್ನೊಂದು ಬದಿಗೆ ಹೋದ. ಅವಳಿಗೆ ಅಳು ಬರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹದಿನಾರು ತಿಂಗಳಲ್ಲಿ ಒಂದೇ ಒಂದು ಬೆಳಿಗ್ಗೆ ಗಂಡನ ಮುಖ ನೋಡದೆ ಇದ್ದಿದ್ದರೆ ಇದು ಸನಾನನ ಅಂಗಳದಲ್ಲಿ ಹುಲ್ಲು ಮೇಯುತ್ತಿತ್ತು.

ಮನೆಯೊಳಗೆ ಹೋಗುವ ಮುಂಚೆ ಗೋಡೆಯ ಪಕ್ಕದಿಂದ ಸನಾನನನ್ನು ಕರೆದಳು. ಅವನು ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಬಂದ. ವಸ್ತ್ರದ ಗಂಟನ್ನು ಬಿಚ್ಚಿ ನೋಡಿ, ಮೂಗಿನ ಬಳಿ ಬೆರಳು ಹಿಡಿದ. ಒದ್ದೆ ಚಿಪ್ಪು ಮುಟ್ಟಿದ. ಗುಡ್ಡೆಗಳ ಸಂದಿಯಲ್ಲಿ ಚಿನ್ನದ ರೇಕು ಇನ್ನೂ ಅಂಟಿಕೊಂಡಿತ್ತು.

"ಯಾವ ಮುಠ್ಠಾಳ..." ಎಂದು ಶುರುಮಾಡಿದ.

"ಮೆತ್ತಗೆ ಮಾತಾಡೋ, ನಿಂಗೆ ಕೈ ಮುಗೀತೀನಿ," ಎಂದಳು. "ನಮ್ಮನೆಯವರ ಹತ್ರ ಬಾಯಿ ಬಿಡಬೇಡ. ಇವತ್ತೂ ಬೇಡ, ಇನ್ಯಾವತ್ತೂ ಬೇಡ. ನಿನ್ನ ಅಂಗಳದಲ್ಲಿ ಒಂಚೂರು ಜಾಗ ಕೊಡು. ನಮ್ಮ ಕಡೆ ಬರೀ ಸಿಮೆಂಟು."

ಸನಾನ್ ಬುಟ್ಟಿ ಕೆಳಗಿಟ್ಟ. ಗುದ್ದಲಿ ತಂದು ದಾಸವಾಳದ ಬುಡದಲ್ಲಿ ಅಗೆದ. ಅವಳೇ ಬಗ್ಗಿ ಇಟ್ಟಳು, ಕೈಯಿಂದಲೇ ಮಣ್ಣೆಳೆದು ಮುಚ್ಚಿದಳು.

ಒಳಗೆ ಹೋದಾಗ ಪ್ರಯೂರ್ ದಿಂಬಿಗೊರಗಿ ಕಾಯುತ್ತಿದ್ದ.

"ಹಿಟ್ಟು ಅಂದೆ. ಕೊಳಕ್ಕೇ ಹೋಗಿದ್ದೆ ತಾನೆ?" ಎಂದ. "ನನ್ನ ಹತ್ರ ನಾಟಕ ಬೇಡ. ಉಗುರಲ್ಲಿ ಕೆಸ್ರಿದೆ."

ಅವಳು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. "ಹೂಂ. ಒಂದ್ಸಲ ನೋಡ್ಕೊಂಡು ಬರೋಣ ಅನ್ನಿಸ್ತು."

"ಕಾಣಿಸ್ತಾ?"

"ಕಾಣಿಸ್ತು."

"ಈಜ್ತಿತ್ತಾ?"

ಲಮೂನ್ ಕೂಡ ಚಕೋತದ ಸಿಪ್ಪೆ ಬಿಟ್ಟು ಇವಳತ್ತ ನೋಡಿದಳು.

"ಈಜ್ತಿತ್ತು ರೀ. ನಾಲ್ಕು ಕಾಲೂ ಆಡಿಸ್ತಾ ಇತ್ತು. ನಾನು ಕರೆದ್ರೂ ತಿರುಗಿ ನೋಡ್ಲಿಲ್ಲ."

"ನಾಲ್ಕೂನಾ?" ಪ್ರಯೂರ್ ಗಹಗಹಿಸಿ ನಕ್ಕ. ನಗುತ್ತ ನಗುತ್ತ ಕಣ್ಣಿಂದ ನೀರು ಬಂತು. ಸೊಟ್ಟಗಾಗಿದ್ದ ತುಟಿಯಿಂದ ಜೊಲ್ಲು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. "ಕೇಳ್ದ್ಯಾ ಲಮೂನ್? ನಾಲ್ಕೂ ಅಂತೆ! ಹದಿನಾರು ತಿಂಗಳು ನಾವು ಕಟ್ಟಿಹಾಕಿದ್ವಿ, ಒಂದು ಬೆಳಿಗ್ಗೆ ಹೊರಗೆ ಬಿಟ್ಟಿದ್ದಕ್ಕೆ ನಾಲ್ಕೂ ಬಂತು." ಆಮೇಲೆ ಬಲಗೈಯಿಂದ ತನ್ನ ತೊಡೆಯನ್ನು ಹಿಡಿದು ಅಲುಗಿಸಿದ. "ಏ ಸಂಗ್ವಾನ್, ನಾಳೆ ಬೆಳಿಗ್ಗೆ ನನ್ನೂ ಆಚೆ ಕೂರಿಸೆ. ಓಣಿಯೋರು ನೋಡಿದ್ರೆ ನೋಡ್ಲಿ. ಬಿಸ್ಲು ಬೀಳ್ಲಿ ಕಾಲಿಗೆ."

"ಕೂರಿಸ್ತೀನಿ," ಎಂದಳು.

"ಮಾತು ತಪ್ಪಬಾರ್ದು."

"ಇಲ್ಲ."

ಲಮೂನ್ ಕೈಮುಗಿದು ಬುದ್ಧನ ಪಟದ ಕಡೆಗೆ ತಿರುಗಿದಳು. ಸಂಗ್ವಾನ್ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಕೆಸರು ಬೇಗ ಹೋಯಿತು. ಎರಡು ಉಗುರಿಗೆ ಹತ್ತಿದ್ದ ಚಿನ್ನ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಒಳಗಿನಿಂದ ಪ್ರಯೂರ್ ಕೂಗಿ ಕೇಳುತ್ತಿದ್ದ, ನಾಳೆ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಅಂತ.