ಕೈ ಮುಟ್ಟದ ಮುದ್ದೆ

ರೇಣುಕಯ್ಯ ಶಿರಾಕ್ಕೆ ಹೋದದ್ದು ಹುಣಸೆಹಣ್ಣು ತರುವುದಕ್ಕೆ. ಕೊಂಡದ್ದು ಮುದ್ದೆ ಮಾಡುವ ಮಿಷನ್ನು.

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದೊಂದು ಮೆಸ್ಸು. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ನಾಲ್ಕರವರೆಗೆ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ಗಲ್ಲಾದಲ್ಲಿ ರೇಣುಕಯ್ಯ, ಒಲೆಯ ಮುಂದೆ ಹೆಂಡತಿ ಕರಿಬಸಮ್ಮ, ಬಡಿಸುವುದಕ್ಕೆ ಆಶಾರಾಣಿ. ದಿನಕ್ಕೆ ಇನ್ನೂರು ಮುದ್ದೆ ಹೋಗುತ್ತಿತ್ತು, ಇನ್ನೂರೂ ಕರಿಬಸಮ್ಮನ ಕೈಯಿಂದಲೇ ಆಗಬೇಕು. ವರ್ಷದಿಂದ ಅವಳಿಗೆ ಬಲ ರಟ್ಟೆಯ ನೋವು. ಸಂಜೆಯಾದರೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಒಂದಿನ ಈ ಕೈ ಕಳಚಿ ಪಾತ್ರೆ ಒಳಕ್ಕೇ ಬೀಳ್ತದೆ ನೋಡ್ತಾ ಇರಿ" ಎನ್ನುವಳು.

ಆ ದಿನ ಶಿರಾದ ಒಂದು ಕಲ್ಯಾಣ ಮಂಟಪದಲ್ಲಿ ಹೋಟೆಲ್ ಸಾಮಾನುಗಳ ಪ್ರದರ್ಶನವಿತ್ತು. ಬಿಸಿಲು ಜೋರಿದ್ದರಿಂದ ರೇಣುಕಯ್ಯ ನೆರಳಿಗೆಂದು ಒಳಗೆ ಹೋದ. ಅಲ್ಲಿ ಟೈ ಕಟ್ಟಿಕೊಂಡಿದ್ದ ಪ್ರಸನ್ನಕುಮಾರ್ ಎಂಬ ಸೇಲ್ಸ್‌ಮನ್ನು ಬೀರುವಿನಷ್ಟು ದೊಡ್ಡ ಸ್ಟೀಲ್ ಮಿಷನ್ನಿನ ಪಕ್ಕ ನಿಂತು ಮೈಕಿನಲ್ಲಿ ಮಾತಾಡುತ್ತಿದ್ದ. ಮೇಲಿಂದ ಹಿಟ್ಟು ಸುರಿದ, ಪಕ್ಕದಿಂದ ನೀರು ಬಿಟ್ಟ, ಬಟನ್ ಒತ್ತಿದ. ಹನ್ನೆರಡು ನಿಮಿಷಕ್ಕೆ ಮುದ್ದೆಗಳು ಒಂದರ ಹಿಂದೊಂದು ತಟ್ಟೆಗೆ ಉರುಳಿ ಬಂದವು. ರೇಣುಕಯ್ಯ ಎರಡು ತಿಂದು ನೋಡಿದ. ಚೆನ್ನಾಗೇ ಇತ್ತು.

"ಮೆಸ್ಸಲ್ಲಿ ಮುದ್ದೆ ಯಾರು ಮಾಡ್ತಾರೆ ಸರ್?" ಎಂದು ಪ್ರಸನ್ನಕುಮಾರ್ ಕೇಳಿದ.

"ನಮ್ಮನೆಯೋರು."

"ಇನ್ಮೇಲೆ ಮೇಡಮ್ಮೋರು ಕುರ್ಚಿ ಹಾಕ್ಕೊಂಡು ಕೂತು ಬಟನ್ ಒತ್ತಿದ್ರೆ ಸಾಕು. ಮಹಾರಾಣಿ ತರ."

ರೇಣುಕಯ್ಯನ ಕಣ್ಣ ಮುಂದೆ ಕರಿಬಸಮ್ಮ ಕುರ್ಚಿಯಲ್ಲಿ ಕೂತಳು. ಮೆಸ್ಸಿನ ಮುಂದೆ ಶೀಟು ಹಾಕಿಸಲೆಂದು ಚೀಟಿ ಎತ್ತಿದ ದುಡ್ಡು ಬ್ಯಾಂಕಿನಲ್ಲಿತ್ತು. ಒಂದು ಲಕ್ಷದ ಎಂಬತ್ತು ಸಾವಿರ, ನಿಂತ ನಿಲುವಿನಲ್ಲೇ ಫೋನಿನಿಂದ ಕಳಿಸಿದ. ಹುಣಸೆಹಣ್ಣು ಮರೆತೇ ಹೋಯಿತು.

ಹೆಂಡತಿಗೆ ಹೇಳಲಿಲ್ಲ. ಬಂದಾಗ ನೋಡಿ ಖುಷಿಪಡಲಿ ಅಂದುಕೊಂಡ.

ನಾಲ್ಕನೇ ದಿನ ಲಗೇಜ್ ಆಟೋದಲ್ಲಿ ಮಿಷನ್ನು ಬಂತು. ಕರಿಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಒಂದು ಸುತ್ತು ಹಾಕಿದಳು.

"ಏನಿದು?"

"ಮುದ್ದೆ ಮಾಡ್ತದೆ ಕಣೆ. ನಿಂಗೋಸ್ಕರಾನೇ ತಂದಿವ್ನಿ."

"ನನ್ನ ಒಂದು ಮಾತು ಕೇಳಿದ್ರೆ ಬಾಗ್ಲಾದ್ರೂ ಅಳತೆ ಮಾಡಿ ಹೇಳ್ತಿದ್ದೆ" ಎಂದು ಅವಳು ಒಳಗೆ ಹೋದಳು.

ನಿಜ. ಮಿಷನ್ನು ಅಡುಗೆಮನೆಯ ಬಾಗಿಲಿಗಿಂತ ಒಂದು ಗೇಣು ಅಗಲವಿತ್ತು. ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಒಳಗೆ ಸಾಗಿಸಿ, ಆ ಜಾಗಕ್ಕೆ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದರು. ಆಮೇಲೆ ಗೊತ್ತಾಯಿತು, ಅದಕ್ಕೆ ತ್ರೀ ಫೇಸ್ ಕರೆಂಟು ಬೇಕು. ಮೆಸ್ಸಿನಲ್ಲಿದ್ದದ್ದು ಸಿಂಗಲ್ ಫೇಸು. ಅರ್ಜಿ, ಮೀಟರು, ವೈರು ಅಂತ ತಿಂಗಳು ಕಳೆಯಿತು. ಅಷ್ಟರಲ್ಲಿ ರೇಣುಕಯ್ಯ ಸುಮ್ಮನೆ ಕೂರಲಿಲ್ಲ. ರಸ್ತೆಗೆ ಕಾಣುವಂತೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದ: "ಮಧುಗಿರಿಯಲ್ಲೇ ಮೊಟ್ಟಮೊದಲ ಬಾರಿಗೆ, ಕೈ ಮುಟ್ಟದ ಮುದ್ದೆ!"

ಕರಿಬಸಮ್ಮ ಅದನ್ನು ಓದಿ, "ಇಷ್ಟು ವರ್ಷ ನನ್ನ ಕೈಗೇನು ಕಜ್ಜಿ ಆಗಿತ್ತಾ?" ಎಂದಳು.

ಶುರು ಮಾಡಿದ ದಿನ ಪೂಜೆಯಾಯಿತು, ತೆಂಗಿನಕಾಯಿ ಒಡೆದಾಯಿತು. ಮೊದಲ ಎಲೆಗೆ ಕೂತವನು ಚಿಕ್ಕನರಸಯ್ಯ. ತಾಲ್ಲೂಕಾಫೀಸಿನಲ್ಲಿ ಜವಾನನಾಗಿ ರಿಟೈರಾದವನು, ಹತ್ತು ವರ್ಷದಿಂದ ಅಲ್ಲೇ ಊಟ. ಮುದ್ದೆಗೆ ಬೆರಳಿಟ್ಟ, ಅದು ಜಾರಿತು. ಇನ್ನೊಂದು ಕೈಯಲ್ಲಿ ಹಿಡಿದು ಮುರಿದ, ಒಳಗಿಂದ ಹಸಿ ಹಿಟ್ಟು ಪುಸ್ಸೆಂದು ಹಾರಿ ಮೀಸೆಯ ಮೇಲೆ ಕೂತಿತು.

"ರೇಣುಕಣ್ಣ," ಎಂದ ಅವನು ಮೀಸೆ ಒರೆಸಿಕೊಳ್ಳುತ್ತಾ, "ಕೈ ಮುಟ್ಟಲ್ಲ ಅಂದೆ ಸರಿ. ಬಾಯೂ ಮುಟ್ಟಂಗಿಲ್ವಲ್ಲ ಇದು."

ಮರುದಿನ ನೀರು ಜಾಸ್ತಿ ಬಿಟ್ಟರು. ಮುದ್ದೆ ಅಂಬಲಿಯಾಗಿ ಬಂತು. ಅದರ ಮರುದಿನ ಕಡಿಮೆ ಬಿಟ್ಟರು. ತಟ್ಟೆಗೆ ಬಿದ್ದ ಮುದ್ದೆಯೊಂದು ಪುಟಿದು ನೆಲಕ್ಕಿಳಿದು ಮೂರನೇ ಟೇಬಲ್ಲಿನವರೆಗೆ ಉರುಳಿತು. ಎಲ್ಲಕ್ಕಿಂತ ದೊಡ್ಡ ಕಾಟ ಅದನ್ನು ತೊಳೆಯುವುದು. ಹಿಟ್ಟು ಅಂಟಿ ಒಣಗಿದ ಡ್ರಮ್ಮಿನೊಳಗೆ ಭುಜದವರೆಗೆ ಕೈ ಹಾಕಿ ಕೆರೆಯಬೇಕು. ರೇಣುಕಯ್ಯನ ಕೈ ದಪ್ಪ, ಒಳಗೆ ಹೋಗುತ್ತಿರಲಿಲ್ಲ. ಕರಿಬಸಮ್ಮನೇ ದಿನಾ ಒಂದು ಗಂಟೆ ಕೆರೆದಳು. ರಟ್ಟೆಯ ನೋವು ಕುತ್ತಿಗೆಗೆ ಏರಿತು.

ರೇಣುಕಯ್ಯ ಪ್ರಸನ್ನಕುಮಾರನಿಗೆ ಫೋನ್ ಮಾಡಿದ. ಅವನು ಬಂದು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ನಿಮ್ಮ ರಾಗಿ ಸರಿ ಇಲ್ಲ ಸರ್. ನಮ್ಮ ಕಂಪನಿ ಹಿಟ್ಟೇ ಹಾಕ್ಬೇಕು" ಎಂದ.

ಪರದೆಯ ಹಿಂದಿನಿಂದ ಕರಿಬಸಮ್ಮ ಬಂದಳು. "ಏನಂದಪ್ಪ? ಐ.ಡಿ.ಹಳ್ಳಿ ರಾಗಿ ಸರಿ ಇಲ್ವಾ? ನಮ್ಮಪ್ಪನ ಹೊಲದ್ದು ಅದು! ಅದ್ನೇ ತಿಂದು ಬೆಳ್ದೋಳು ನಾನು. ನಾನೂ ಸರಿ ಇಲ್ವಾ?"

ಪ್ರಸನ್ನಕುಮಾರ್ ಟೈ ಸರಿಮಾಡಿಕೊಂಡು ಹೊರಟುಹೋದ. ಆಮೇಲೆ ಫೋನು ಎತ್ತಲಿಲ್ಲ.

ಊಟಕ್ಕೆ ಬರುವವರು ಅರ್ಧಕ್ಕಿಳಿದರು. ಆದರೂ ಫ್ಲೆಕ್ಸ್ ಇಳಿಸುವುದಕ್ಕೆ ರೇಣುಕಯ್ಯನಿಗೆ ಮುಖವಿಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಕೊನೆಗೆ ಅವನೊಂದು ಉಪಾಯ ಮಾಡಿದ. ಪರದೆಯ ಹಿಂದೆ ಕರಿಬಸಮ್ಮ ಎಂದಿನಂತೆ ಕೈಯಲ್ಲೇ ಮುದ್ದೆ ಮಾಡುವುದು. ಪಕ್ಕದಲ್ಲಿ ಮಿಷನ್ನು ಖಾಲಿ ಓಡುವುದು, ಸದ್ದಿಗೆ.

"ನಾಚ್ಕೆ ಆಗಲ್ವಾ ನಿಮ್ಗೆ?"

"ಸ್ವಲ್ಪ ದಿನ ಕಣೆ. ಜನ ಮರೀಲಿ."

ಜನ ಮರೆಯಲಿಲ್ಲ, ವಾಪಸ್ ಬಂದರು. "ಈಗ ಸೆಟ್ಟಾತು ನೋಡು ಮಿಷನ್ನು" ಎಂದು ಚಿಕ್ಕನರಸಯ್ಯ ಎರಡನೇ ಮುದ್ದೆ ಹಾಕಿಸಿಕೊಂಡ. "ಏನೇ ಹೇಳು, ಅಕ್ಕನ ಕೈಲಿ ಇಷ್ಟು ನುಣುಪು ಬರ್ತಿರ್ಲಿಲ್ಲ."

ಪರದೆಯ ಹಿಂದೆ ಪಾತ್ರೆಯೊಂದು ಜೋರಾಗಿ ಬಿತ್ತು.

ಹೀಗೇ ಎರಡು ತಿಂಗಳು ನಡೆಯಿತು. ಸುದ್ದಿ ಪಾವಗಡಕ್ಕೂ ಹೋಯಿತು. ಒಂದು ದಿನ ಒಂದು ಗಂಟೆಯ ಹೊತ್ತಿಗೆ ನರಸಿಂಹರಾಜು ಎಂಬಾತ ಬಂದ. ಪಾವಗಡದ ಕಡೆಯ ಬಲಸಮುದ್ರದಲ್ಲಿ ಸೋಲಾರ್ ಕೆಲಸದವರಿಗೆ ಕ್ಯಾಂಟೀನ್ ನಡೆಸುವವನು. ಒಂದು ಮುದ್ದೆ ಮುಗಿಸಿ ಕಣ್ಣು ಮುಚ್ಚಿದ.

"ಏಮಣ್ಣಾ, ಎಂಥಾ ಮುದ್ದೆ! ಚಾಲಾ ಬಾಗುಂದಿ, ತುಂಬಾ ಚೆನ್ನಾಗೈತೆ. ನಮ್ ಹುಡುಗ್ರು ಮುನ್ನೂರು ಜನ, ಮುದ್ದೆ ಮಾಡೋ ಹೆಂಗಸ್ರೇ ಸಿಗಲ್ಲ. ಹೊಸಾ ಮಿಷನ್ನಿಗೆ ಎರಡು ತಿಂಗ್ಳು ಕಾಯ್ಬೇಕಂತೆ. ನಿಂದೇ ಕೊಟ್ಬುಡಣ್ಣಾ. ನೀನು ಕೊಟ್ಟಿರೋ ರೇಟೇ ಕೊಡ್ತೀನಿ, ಒಂದ್ರೂಪಾಯಿ ತಗ್ಗಿಸಲ್ಲ."

ರೇಣುಕಯ್ಯ ಗಲ್ಲಾ ಬಿಟ್ಟು ಎದ್ದು ಬಂದ. ಹೋದ ದುಡ್ಡು ತಾನಾಗಿ ನಡೆದು ಬಂದು ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತಿದೆ. ಬೇಡ, ಇದು ದಂಡ ಎಂದು ನಾಲಗೆಯ ತುದಿಗೆ ಬಂದ ಮಾತು ಅಲ್ಲೇ ಕೂತಿತು.

"ಕೊಡಾಣ ಬುಡಿ ರಾಜಣ್ಣ. ನೀವು ಅಷ್ಟು ಕೇಳ್ತಾ ಇರ್ಬೇಕಾದ್ರೆ..." ಎಂದುಬಿಟ್ಟ.

ನರಸಿಂಹರಾಜು ಅಡ್ವಾನ್ಸ್ ಕಳಿಸಲು ಫೋನು ತೆಗೆದ. ಆಗಲೇ ಕರೆಂಟು ಹೋಯಿತು.

ಫ್ಯಾನು ನಿಂತಿತು. ಮಿಷನ್ನಿನ ಗುರುಗುರು ನಿಂತಿತು. ಆ ಸದ್ದಿಗೆ ಒಗ್ಗಿಹೋಗಿದ್ದ ಮೆಸ್ಸಿನಲ್ಲಿ ಏಕಾಏಕಿ ಎಂಥ ನಿಶ್ಶಬ್ದವೆಂದರೆ, ಪರದೆಯ ಹಿಂದೆ ಕೋಲು ಪಾತ್ರೆಗೆ ಬಡಿಯುವ ಟಣ್ ಟಣ್ ಎಲ್ಲರಿಗೂ ಕೇಳಿಸಿತು. "ಉಸ್ಸಪ್ಪಾ" ಎಂದದ್ದೂ ಕೇಳಿಸಿತು. ಹಿಂದೆಯೇ ಆಶಾರಾಣಿ ಹಬೆಯಾಡುವ ಎಂಟು ಮುದ್ದೆಗಳ ತಟ್ಟೆ ಹಿಡಿದು ಪರದೆ ಸರಿಸಿ ಬಂದಳು.

ಚಿಕ್ಕನರಸಯ್ಯ ಮೇಲೆ ಫ್ಯಾನು ನೋಡಿದ, ಕೆಳಗೆ ಮುದ್ದೆ ನೋಡಿದ.

"ಅಲ್ಲಾ ರೇಣುಕಣ್ಣ, ಕರೆಂಟ್ ಹೋದ್ರೂ ಮುದ್ದೆ ಬರ್ತಾನೇ ಐತಲ್ಲ? ಇದೇನು ಸೋಲಾರಾ?"

"ಇನ್ನೂ ಐತೆ ತಿನ್ನಣ್ಣ," ಎಂದಳು ಗುಟ್ಟು ಮರೆತ ಆಶಾರಾಣಿ, "ಅಕ್ಕ ಈಗ ಇನ್ನೊಂದು ಎಸರು ಇಟ್ಟವ್ಳೆ."

ಮೊದಲು ಒಬ್ಬ ನಕ್ಕ. ಆಮೇಲೆ ಇಡೀ ಮೆಸ್ಸು ನಕ್ಕಿತು. ನರಸಿಂಹರಾಜು ಎದ್ದು ಹೋಗಿ ಪರದೆ ಎತ್ತಿದ. ನೆಲದ ಮೇಲೆ ಕರಿಬಸಮ್ಮ ಕೂತಿದ್ದಳು. ಎರಡೂ ಪಾದಗಳಲ್ಲಿ ಕವೆಗೋಲು ಒತ್ತಿ ಪಾತ್ರೆಯನ್ನು ಅಲುಗದಂತೆ ಹಿಡಿದು, ಎರಡೂ ಕೈಯಲ್ಲಿ ಮುದ್ದೆಕೋಲಿನಿಂದ ಹಿಟ್ಟು ತಿರುವುತ್ತಿದ್ದಳು. ಮುಖದಿಂದ ಬೆವರು ಇಳಿಯುತ್ತಿತ್ತು.

"ತಗೊಂಡೋಗಪ್ಪ ಮಿಷನ್ನ," ಎಂದಳು ಅವಳು ತಲೆ ಎತ್ತದೆ, "ಆದ್ರೆ ಅದ್ರ ಜೊತೆ ನನ್ನೂ ತಗೊಂಡೋಗ್ಬೇಕಾಯ್ತದೆ. ಅದೊಂದೇ ಮುದ್ದೆ ಮಾಡಲ್ಲ."

ನರಸಿಂಹರಾಜು ಫೋನನ್ನು ಜೇಬಿಗಿಳಿಸಿದ. ಕೋಪ ಮಾಡಿಕೊಳ್ಳುತ್ತಾನೆಂದು ರೇಣುಕಯ್ಯ ಕಾದ. ಅವನು ವಾಪಸ್ ಬಂದು ಕೂತು, "ಕರೆಂಟ್ನೋರು ನನ್ನ ಬದುಕಿಸಿದ್ರು ಕಣಣ್ಣಾ. ಇನ್ನೊಂದು ಮುದ್ದೆ ಹಾಕ್ಸು" ಎಂದ. ಬೈದಿದ್ದರೆ ವಾಸಿಯಾಗಿತ್ತು. ರೇಣುಕಯ್ಯ ಅವನ ಹತ್ತಿರ ಊಟದ ದುಡ್ಡು ತೆಗೆದುಕೊಳ್ಳಲಿಲ್ಲ. ಬಾಗಿಲವರೆಗೆ ಹೋಗಿ, "ತಪ್ಪಾಯ್ತು ರಾಜಣ್ಣ" ಎಂದಷ್ಟೇ ಹೇಳಿದ.

ನಾಲ್ಕು ಗಂಟೆಗೆ ಮೆಸ್ಸು ಖಾಲಿಯಾದ ಮೇಲೆ ಅವನೇ ಏಣಿ ಹತ್ತಿ ಫ್ಲೆಕ್ಸ್ ಬಿಚ್ಚಿದ. ಒಳಗೆ ಬಂದು ಹೆಂಡತಿಯ ಎದುರು ನೆಲದ ಮೇಲೆ ಕೂತ.

"ಎಲ್ಲಿ ನೋಯ್ತದೆ ನಿಂಗೆ?"

"ಈಗ ಕೇಳ್ತಾ ಇದೀರಾ?" ಎಂದಳು ಕರಿಬಸಮ್ಮ. ರಟ್ಟೆ ಉಜ್ಜಿಕೊಳ್ಳುತ್ತಾ ಹೇಳಿದಳು: "ತಿರುವೋದ್ರಿಂದಲ್ಲ ನೋವು. ಅದು ಚಿಕ್ಕೋಳಿಂದ ಮಾಡ್ಕೊಂಡು ಬಂದಿರೋದು. ಕುದಿಯೋ ಪಾತ್ರೇನ ಒಲೆ ಮೇಲಿಂದ ನೆಲಕ್ಕಿಳಿಸ್ಬೇಕು, ನೆಲದಿಂದ ಮತ್ತೆ ಒಲೆಗೆ ಎತ್ಬೇಕು, ದಿನಕ್ಕೆ ಹತ್ತು ಸಲ. ಒಲೆ ಪಕ್ಕ ಅಷ್ಟೇ ಎತ್ತರಕ್ಕೆ ಒಂದು ಕಟ್ಟೆ ಕಟ್ಸಿ, ನಿಂತ್ಕೊಂಡೇ ತಿರುವ್ತೀನಿ ಅಂತ ಎಷ್ಟು ಸಲ ಹೇಳಿವ್ನಿ! ‘ನೋಡಾಣ, ನೋಡಾಣ’ ಅಂತೀರ."

ಗಾರೆಯವನು ಬಂದು ಒಂದೂವರೆ ದಿನದಲ್ಲಿ ಕಟ್ಟೆ ಕಟ್ಟಿದ. ಸಿಮೆಂಟು, ಇಟ್ಟಿಗೆ, ಕೂಲಿ ಎಲ್ಲ ಸೇರಿ ಏಳು ಸಾವಿರವೂ ಆಗಲಿಲ್ಲ. ರೇಣುಕಯ್ಯ ಗಾರೆಯವನು ಬರೆದುಕೊಟ್ಟ ಲೆಕ್ಕದ ಚೀಟಿಯನ್ನು ಎರಡು ಸಲ ಓದಿ ಮಡಚಿಟ್ಟ. ಪಾತ್ರೆಯನ್ನು ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಒಲೆಗೆ ಸಾಗಿಸುವ ಕೆಲಸವನ್ನೂ ತಾನೇ ವಹಿಸಿಕೊಂಡ. ಎರಡನೇ ದಿನಕ್ಕೇ ಅವನ ರಟ್ಟೆ ಹಿಡಿದುಕೊಂಡಿತು. ಯಾರಿಗೂ ಹೇಳಲಿಲ್ಲ.

ಮಿಷನ್ನನ್ನು ಶಿರಾದ ಗುಜರಿಯವನೊಬ್ಬ ಬಂದು ನೋಡಿದ. "ಮೋಟ್ರು ಅಚ್ಚಾ ಐತೆ ಸಾಬ್, ಬಾಕಿ ಎಲ್ಲಾ ತಗಡು" ಎಂದು ತೂಕಕ್ಕೆ ಹಾಕಿ, ಹತ್ತೊಂಬತ್ತು ಸಾವಿರ ಕೊಟ್ಟು ಒಯ್ದ.

ಮೊನ್ನೆ ರೇಣುಕಯ್ಯ ಕೊರಟಗೆರೆಗೆ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದ. ಬಸ್ಸಿಗೆ ಕಾಯುವಾಗ ಪಾತ್ರೆ ಅಂಗಡಿಯೊಂದರಲ್ಲಿ ತೆಂಗಿನಕಾಯಿ ತುರಿಯುವ ಕರೆಂಟಿನ ಯಂತ್ರ ಕಣ್ಣಿಗೆ ಬಿತ್ತು. ಕಾಲು ತಾನಾಗಿ ಆ ಕಡೆ ಹೋಯಿತು. ಆದರೆ ಮೊದಲು ಮನೆಗೆ ಫೋನ್ ಮಾಡಿ ವಿಷಯ ಹೇಳಿದ.

"ಬೇಕೇನೆ?"

"ಬೇಕು" ಎಂದಳು ಕರಿಬಸಮ್ಮ ತಕ್ಷಣ.

ಅವನು ಗಾಬರಿಯಾದ. "ನಿಜ್ವಾಗ್ಲೂ ಬೇಕಾ?"

"ಬೇಕು ಅಂದ್ನಲ್ಲ. ಆದ್ರೆ ಅವ್ನ ಕಾಯಲ್ಲಿ ನೋಡ್ಬೇಡಿ, ನಮ್ಮ ಕಾಯಲ್ಲಿ ತುರ್ಸಿ ನೋಡಿ."

ತಾಂಬೂಲದಲ್ಲಿ ಕೊಟ್ಟಿದ್ದ ಎರಡು ತೆಂಗಿನಕಾಯಿ ಚೀಲದಲ್ಲಿದ್ದವು. ರೇಣುಕಯ್ಯ ಎರಡನ್ನೂ ಅಂಗಡಿಯವನ ಕೈಯಲ್ಲಿ ಒಡೆಸಿ, ನಾಲ್ಕೂ ಹೋಳು ತುರಿಸಿದ. ಬಗ್ಗಿ ನೋಡಿದ, ಬೆರಳಲ್ಲಿ ಉಜ್ಜಿದ, ಬಾಯಿಗೆ ಹಾಕಿಕೊಂಡ. ಬ್ಲೇಡು ಬಿಚ್ಚಿಸಿ, ತೊಳೆಯುವುದಕ್ಕೆ ಕೈ ಹೋಗುತ್ತದೆಯೇ ಎಂದು ಪರೀಕ್ಷೆ ಮಾಡಿದ. ಅಂಗಡಿಯವನು ಬಿಲ್ಲು ಬರೆಯಲು ಪೆನ್ನು ತೆಗೆದ.

"ತಡಿಯಪ್ಪ. ಒಂದ್ಸಲ ಮನೇಲಿ ತೋರ್ಸಿ ಬರ್ತೀನಿ" ಎಂದು ಹೇಳಿ, ತುರಿದ ಕಾಯಿಯನ್ನೆಲ್ಲ ಒಂದು ಕವರಿಗೆ ಹಾಕಿಸಿಕೊಂಡು, ರೇಣುಕಯ್ಯ ಮಧುಗಿರಿ ಬಸ್ಸು ಹತ್ತಿದ.