ತೊಳೆಯಬಾರದ ಹಣ್ಣು

"ಲೇ ಪಾಪಿ, ಹಣ್ಣು ಕೀಳ್ತಿದೀಯೋ ಮುದ್ದೆ ಹಿಸುಕ್ತಿದೀಯೋ? ನಿನ್ನ ಕೈ ಸೇದೋಗ."

ಬೈದವರು ತೋಟದ ಯಜಮಾನ ಸಿದ್ದಲಿಂಗೇಶನ ತಾಯಿ ಮಲ್ಲಿಕಾಂಬ. ಬೈಸಿಕೊಂಡವಳು ನಾನು, ಪಾಪಮ್ಮ. ತರೀಕೆರೆಯಿಂದ ಹೆಬ್ಬೆ ಕಡೆಗೆ ಹೋಗುವ ದಾರಿಯ ಗುಡ್ಡದಲ್ಲಿ, ಪ್ಲಾಸ್ಟಿಕ್ ಮಾಡಿನ ಕೆಳಗೆ ರಾಸ್ಪ್‌ಬೆರಿ ಕೀಳುತ್ತೇನೆ. ಸರಿಯಾಗಿ ಹಣ್ಣಾಗಿದ್ದರೆ ಬೆರಳು ತಾಗಿದ ಕೂಡಲೇ ಕಳಚಿಕೊಂಡು ಬರುತ್ತದೆ, ಎಳೆದರೆ ರಸವಾಗುತ್ತದೆ. ಮುಳ್ಳಿಗೆ ನನ್ನ ಮುಂಗೈಯೆಲ್ಲ ಗೀರು.

ಕೈ ಗಿಡದಲ್ಲಿದ್ದರೂ ನನ್ನ ಕಣ್ಣು ಶೆಡ್ಡಿನ ಮೇಲೆ. ಅಲ್ಲಿ ನಮ್ಮ ಕೇರಿಯ ಯಶೋಧರಾ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು, ಬಿಳಿ ಗ್ಲೌಸ್ ಹಾಕಿಕೊಂಡು, ಹಣ್ಣಿನ ಡಬ್ಬಿಗಳಿಗೆ ಮುಚ್ಚಳ ಹಾಕುತ್ತಾಳೆ. ನನಗಿಂತ ಆಮೇಲೆ ಕೆಲಸಕ್ಕೆ ಬಂದವಳು. ಪಿಯುಸಿ ಓದಿದ್ದಾಳಂತೆ. ಮುಚ್ಚಳ ಹಾಕುವುದಕ್ಕೆ ಪಿಯುಸಿ ಯಾಕೆ ಬೇಕು? ಸಂಜೆ ಟೆಂಪೋದಲ್ಲಿ ಅವಳು ಮಾತಾಡಿಸಿದರೆ ನಾನು ಮುಖ ತಿರುಗಿಸುತ್ತಿದ್ದೆ. ಆ ನುಣುಪು ಕೈ ನೋಡಿದರೆ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಆ ಕುರ್ಚಿ ನನಗೆ ಬೇಕಿತ್ತು.

ಇವತ್ತಿನ ಹಣ್ಣು ಮಠಕ್ಕೆ. ಮಲ್ಲಿಕಾಂಬ ಶೆಡ್ಡಿನ ಬಾಗಿಲಿಗೆ ಬಂದು ನಿಂತರು.

"ಏಳೇ, ಆಚೆ ಹೋಗು. ಸ್ವಾಮೇರ ಬಾಯಿಗೆ ಹೋಗೋದು, ನೀನು ಮುಟ್ಟಬ್ಯಾಡ."

"ಗ್ಲೌಸ್ ಹಾಕಿದೀನಲ್ಲ ಅಮ್ಮಾವ್ರೇ," ಅಂದಳು ಯಶೋಧರಾ.

"ಅದ್ರೊಳಗೆ ಇರೋದು ನಿನ್ನ ಕೈಯೇ ಅಲ್ವೇನೇ?"

ಅವಳು ಗ್ಲೌಸ್ ಬಿಚ್ಚಿಟ್ಟು ಬಿಸಿಲಿಗೆ ಬಂದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಲ್ಲಿಕಾಂಬ ಬಿಂದಿಗೆ ತಂದರು. ನಾವು ಕಿತ್ತ ಹಣ್ಣಿಗೆಲ್ಲ ಅರಿಶಿನದ ನೀರು ಹೊಯ್ದು ತೊಳೆದು, ತಾವೇ ಡಬ್ಬಿಗೆ ತುಂಬಿದರು. ಡಬ್ಬಿ ಹೇರಿಕೊಂಡು ಸಿದ್ದಲಿಂಗೇಶನ ಕಾರು ಮಠಕ್ಕೆ ಹೋಯಿತು.

ಮಧ್ಯಾಹ್ನ ಸಿದ್ದಲಿಂಗೇಶ ಡಬ್ಬಿಗಳ ಸಮೇತ ವಾಪಸು ಬಂದ. ಒಳಗೆಲ್ಲ ಕೆಂಪು ಗೊಜ್ಜು.

"ಮಠದಲ್ಲಿ ಎಲ್ಲಾರ ಮುಂದೆ ಮಾನ ಹೋಯ್ತು. ಈ ಹಣ್ಣಿಗೆ ನೀರು ತಾಗಿಸ್ಬಾರ್ದು ಅಂತ ಬಡ್ಕೊಂಡಿದ್ನಲ್ಲ. ಯಾವ ಬೋಳಿಮಗಳು ತೊಳ್ದಿದ್ದು?"

"ಇನ್ಯಾರು? ಇವ್ಳೇ." ಮಲ್ಲಿಕಾಂಬ ಯಶೋಧರಾಳ ಕಡೆ ಬೆರಳು ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ, "ಪಾಪಮ್ಮ ನೋಡಿದಾಳೆ. ಹೇಳವ್ವ. ನಾಳೆಯಿಂದ ಆ ಕುರ್ಚಿ ಮೇಲೆ ನೀನೇ ಕೂತ್ಕೋ," ಅಂದರು.

ಹೂಂ ಅಂದರೆ ಸಾಕಿತ್ತು. ಯಶೋಧರಾ ನನ್ನ ಕಡೆ ನೋಡಲೂ ಇಲ್ಲ. ನಾನು ಹೂಂ ಅಂದೇ ಅನ್ನುತ್ತೇನೆ ಎಂದು ತಿಳಿದುಬಿಟ್ಟಿದ್ದಳು. ಆ ಸೊಕ್ಕನ್ನು ನನಗೆ ತಡೆಯಲಾಗಲಿಲ್ಲ.

ಶೆಡ್ಡಿನೊಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಮೇಜಿನ ಮೇಲಿದ್ದ ಗ್ಲೌಸ್ ತೆಗೆದು ನೆಲಕ್ಕೆ ಎಸೆದೆ.

"ತೊಳ್ದಿದ್ದು ನಿಮ್ಮವ್ವ ಕಣ್ರೀ ಯಜಮಾನ್ರೇ. ನಮ್ಮ ಮೈಲಿಗೆ ಹೋಗ್ಲಿ ಅಂತ."

"ಬಾಯ್ಮುಚ್ಚೇ ಮುಂಡೆ. ಕುರ್ಚಿ ಬಿಟ್ಟು ಏಳು," ಅಂದರು ಮಲ್ಲಿಕಾಂಬ.

ಏಳಲಿಲ್ಲ. ಕಾರು ಹೋದ ಮೇಲೆ ಕಿತ್ತಿಟ್ಟಿದ್ದ ಹಣ್ಣಿನ ಟ್ರೇ ಎಳೆದುಕೊಂಡು, ಗೀರು ಬಿದ್ದ ಬರಿಗೈಯಲ್ಲೇ ಒಂದೊಂದು ಹಣ್ಣನ್ನೂ ಡಬ್ಬಿಗೆ ತುಂಬಿದೆ. ಒಂದೂ ಹಿಸುಕಲಿಲ್ಲ.

"ತಗೊಂಡೋಗಿ ಮಠಕ್ಕೆ. ಕಿತ್ತಿದ್ದೂ ನನ್ನ ಕೈ, ತುಂಬಿದ್ದೂ ನನ್ನ ಕೈ. ತೊಳಿಯಾಕಾದ್ರೆ ತೊಳೀರಿ."

ಯಶೋಧರಾ ಒಳಗೆ ಬಂದು ಪಕ್ಕದಲ್ಲಿ ನಿಂತು ಮುಚ್ಚಳ ಕೊಟ್ಟಳು. ತೆಗೆದುಕೊಂಡೆ. ಕುರ್ಚಿ ಮಾತ್ರ ಅವಳಿಗೂ ಬಿಟ್ಟುಕೊಡಲಿಲ್ಲ.