ನಾನು ತಡೆಯಲಿಲ್ಲ

ಇನ್‌ಸ್ಪೆಕ್ಟರ್ ಭಾನುಪ್ರಕಾಶ್ ತಾವು ಬರೆದದ್ದನ್ನು ಗಟ್ಟಿಯಾಗಿ ಓದದೆ ಸಹಿ ಹಾಕಿದವರಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅಲ್ಪವಿರಾಮಕ್ಕೆ ಉಸಿರು ತಡೆದು, ಪೂರ್ಣವಿರಾಮಕ್ಕೆ ಎದುರಿಗಿದ್ದವನ ಮುಖ ದಿಟ್ಟಿಸಿ, ಮೊದಲ ಸಾಲಿನಿಂದ ಮುದ್ರೆಯ ತನಕ ಓದುವರು. ಲಂಚಕೋರರನ್ನು ಹಿಡಿಯುವ ದಳದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಆ ಕುಳ್ಳ ಮನುಷ್ಯ ಮೇ ತಿಂಗಳ ಬಿಸಿಲಿನಲ್ಲೂ ಕಂದು ಸ್ವೆಟರು ಬಿಚ್ಚುತ್ತಿರಲಿಲ್ಲ. ಕಾರಣ ಕೇಳಿದರೆ, "ಜೇಬು ಜಾಸ್ತಿ ಅವೆ ಕಣಪ್ಪ" ಎನ್ನುವರು. ಶಿಡ್ಲಘಟ್ಟದ ರೇಷ್ಮೆ ಇಲಾಖೆಯಲ್ಲಿದ್ದ ನನ್ನನ್ನು ಪಂಚಸಾಕ್ಷಿಯಾಗಿ ಕರೆದೊಯ್ದಾಗಲೆಲ್ಲ ಈ ಪಾರಾಯಣಕ್ಕೆ ನಾನು ಒಳಗೊಳಗೇ ನಕ್ಕಿದ್ದೇನೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಂದು ಚಿಂತಾಮಣಿ ಕಡೆಯ ಒಂದು ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆವು. ಒಳಗಿನ ಗುಮಾಸ್ತನೊಬ್ಬ ಲಂಚಕ್ಕೆ ಸುಳ್ಳು ಪತ್ರಗಳನ್ನು ಬರೆದುಕೊಡುತ್ತಿದ್ದ. ಅವನು ಕೊಟ್ಟ ವಿಳಾಸ ಪತ್ರದ ಬಲದಿಂದ ಗೌರಿಬಿದನೂರಿನಲ್ಲಿ ಬಾಡಿಗೆ ಮನೆ ಹಿಡಿದವನೊಬ್ಬ ಬಾಂಬು ಕಟ್ಟುತ್ತಿರುವಾಗಲೇ ಸಿಕ್ಕಿಬಿದ್ದಿದ್ದ. ದೂರುದಾರ ಬಯ್ಯಪ್ಪ ಪುಡಿ ಸವರಿದ ನೋಟುಗಳೊಂದಿಗೆ ಒಳಹೋಗಿದ್ದ. ಗುಮಾಸ್ತ ನೋಟು ಮುಟ್ಟಿದ ಮೇಲೆ ಬಯ್ಯಪ್ಪ ಹೊರಬಂದು ತಲೆ ಸವರಿಕೊಳ್ಳಬೇಕು. ಅಲ್ಲಿಯ ತನಕ ನಾವು ಕದಲಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅಷ್ಟರಲ್ಲಿ ಹೆಣ್ಣುಮಕ್ಕಳನ್ನು ಸಾಗಿಸುವ ಏಜೆಂಟನೊಬ್ಬ ಇಬ್ಬರು ಹುಡುಗಿಯರನ್ನು ಕಚೇರಿಯಿಂದ ಹೊರತಂದು ವ್ಯಾನಿಗೆ ಹತ್ತಿಸತೊಡಗಿದ. ಅದೇ ಗುಮಾಸ್ತ ಬರೆದುಕೊಟ್ಟ, ಅವನ ಕೈಯಲ್ಲಿದ್ದ ಕಾಗದ ಅವರಿಗೆ ಹದಿನೆಂಟು ತುಂಬಿದೆ ಎನ್ನುತ್ತಿತ್ತೆಂದು ಆಮೇಲೆ ತಿಳಿಯಿತು. ನೋಡಿದವರಿಗೆ ಹದಿನಾಲ್ಕರ ಮೇಲೆ ಹೇಳಲಾಗುತ್ತಿರಲಿಲ್ಲ. ನಾನು ಏಳಹೋದೆ. ಭಾನುಪ್ರಕಾಶ್ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು. ವ್ಯಾನು ಮದನಪಲ್ಲಿಯ ರಸ್ತೆ ಹಿಡಿದ ನಾಲ್ಕು ನಿಮಿಷಕ್ಕೆ ಬಯ್ಯಪ್ಪ ಬಾಗಿಲಲ್ಲಿ ನಿಂತು ತಲೆ ಸವರಿಕೊಂಡ.

ನೋಟಿನ ಪುಡಿ ಹತ್ತಿದ್ದ ಗುಮಾಸ್ತನ ಬೆರಳುಗಳು ದ್ರಾವಣದಲ್ಲಿ ಗುಲಾಬಿಯಾದವು, ಮೇಲಿನವರು ಬೆನ್ನು ತಟ್ಟಿದರು. ಸಂಜೆಗೆ ಆಂಧ್ರದ ಗಡಿಯಾಚೆ ವ್ಯಾನು ಸಿಕ್ಕಾಗ ಅದರಲ್ಲಿ ಒಬ್ಬಳೇ ಹುಡುಗಿಯಿದ್ದಳು. ಇನ್ನೊಬ್ಬಳು, ಕೆಂಚಾರ್ಲಹಳ್ಳಿಯ ಮುನಿಲಕ್ಷ್ಮಿ, ಇಂದಿಗೂ ಸಿಕ್ಕಿಲ್ಲ.

ಮಹಜರು ಓದುವಾಗ ಒಂದು ಸಾಲಿಗೆ ಎಲ್ಲರೂ ತಲೆಯೆತ್ತಿದರು: ಹನ್ನೊಂದು ನಲವತ್ತಕ್ಕೆ ಇಬ್ಬರು ಬಾಲಕಿಯರನ್ನು ನಮ್ಮ ಕಣ್ಣೆದುರೇ ಸಾಗಿಸಲಾಯಿತು, ನಾನು ತಡೆಯಲಿಲ್ಲ. ಮೇಲಧಿಕಾರಿ ಅದನ್ನು ತೆಗೆಯಿರೆಂದು ಮೊದಲು ಮೆತ್ತಗೆ, ಆಮೇಲೆ ಗದರಿ ಹೇಳಿದರು. ಬಾಂಬಿನ ಕೇಸಿಗೆ ತಗಲಿಕೊಂಡ ಕಾಗದ, ಎದುರು ವಕೀಲನ ಕೈಗೆ ನೀವೇ ದೊಣ್ಣೆ ಕೊಡಬೇಡಿ ಎಂದರು. "ನಡೆದದ್ದು ಅದೇ ಸಾರ್" ಎಂದಷ್ಟೇ ಹೇಳಿ ಭಾನುಪ್ರಕಾಶ್ ಸಹಿ ಹಾಕಿದರು. ಸಾಲು ಉಳಿಯಿತು, ಬಡ್ತಿ ಹೋಯಿತು, ಅವರ ಮೇಲಿನ ಇಲಾಖಾ ವಿಚಾರಣೆ ಇನ್ನೂ ನಡೆದಿದೆ.

ಆ ಕಾಗದ ಹಿಡಿದು ಅವರು ಮುನಿಲಕ್ಷ್ಮಿಯ ತಾಯಿ ವರಲಕ್ಷ್ಮಮ್ಮನ ಮನೆಗೂ ಹೋದರು. ಬೇಡವೆಂದು ನಾನು ದಾರಿಯುದ್ದಕ್ಕೂ ಅಂಗಲಾಚಿದೆ. ಆಕೆ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದರು. ಇವರು ನಿಂತೇ ಓದಿದರು. ಆಕೆ ಬಯ್ಯಲಿಲ್ಲ, ಮಣ್ಣು ತೂರಲಿಲ್ಲ. ಸೊಪ್ಪಿನ ಕತ್ತಿ ಕೆಳಗಿಟ್ಟು ಕೇಳಿದರು.

"ಹತ್ತಿಸ್ಕೊಳೋವಾಗ ನನ್ ಮಗ್ಳು ಅಳ್ತಿದ್ಲಾ ಸಾರ್?"

"ಅಳ್ತಿದ್ಲಮ್ಮ. ಅದನ್ನ ಬರೀಲಿಲ್ಲ ನಾನು."

ಪ್ರಾಮಾಣಿಕರೆಂದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುವವರೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಮಾತು ಕಟ್ಟಿದವನು ಇಂಥವರೊಬ್ಬರನ್ನೂ ಕಂಡಿರಲಾರ. ಹೋದ ಮಗು ಅವರ ಸತ್ಯದಿಂದ ಮನೆಗೆ ಬರುವುದಿಲ್ಲ, ಕ್ಷಮೆಯೂ ದೊರೆಯುವುದಿಲ್ಲ. ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು; ಗೊತ್ತಿದ್ದೂ ಹೋಗಿ ತಾಯಿಯ ಮುಂದೆ ನಿಲ್ಲುತ್ತಾರೆ.